ಎದುರಾಳಿ ನಿಮ್ಮನ್ನು ಓದಿಬಿಟ್ಟ ಮೇಲೆ

ಹಳೇ ಸ್ಕೋರ್‌ಕಾರ್ಡ್ ಸರಣಿ | ಈ ಸಲ 8 ಭಾಗ, ಸ್ವೈಪ್ ಮಾಡ್ತಾ ಓದಿ

(1/8) ಒಂದೇ ವರ್ಷ, ಎರಡು ಸ್ಕೋರ್‌ಕಾರ್ಡ್

1999ರ ಫೆಬ್ರವರಿ 7. ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಪಾಕಿಸ್ತಾನ ಗೆಲ್ಲೋಕೆ 420 ರನ್ ಬೇಕು, ಮೊದಲ ವಿಕೆಟ್‌ಗೇ 101 ಬಂದಿದೆ. ಊಟದ ವಿರಾಮದ ನಂತರ ಅನಿಲ್ ಕುಂಬ್ಳೆ ತುದಿ ಬದಲಿಸಿ ಬೌಲಿಂಗ್‌ಗೆ ಬಂದರು. ಪಾಕಿಸ್ತಾನ 207ಕ್ಕೆ ಆಲೌಟ್. ಹತ್ತಕ್ಕೆ ಹತ್ತೂ ವಿಕೆಟ್ ಒಬ್ಬರದೇ: 26.3 ಓವರ್, 74 ರನ್, 10 ವಿಕೆಟ್. 1956ರಲ್ಲಿ ಜಿಮ್ ಲೇಕರ್ ಮಾಡಿದ ಮೇಲೆ ಟೆಸ್ಟ್ ಕ್ರಿಕೆಟ್‌ನಲ್ಲಿ ಇದು ಎರಡನೇ ಸಲ. ಎಂ.ಜಿ. ರಸ್ತೆ ಹತ್ತಿರ ಅವರ ಹೆಸರಿನ ಸರ್ಕಲ್ ಇವತ್ತಿಗೂ ಇದೆ, ಸಿಗ್ನಲ್‌ನಲ್ಲಿ ನಿಂತಾಗ ನೋಡಿರ್ತೀರಿ.

ಈಗ ಅದೇ ವರ್ಷದ ಡಿಸೆಂಬರ್‌ಗೆ ಬನ್ನಿ. ಭಾರತ ತಂಡ ಆಸ್ಟ್ರೇಲಿಯಾಗೆ ಹೋಯ್ತು. 3 ಟೆಸ್ಟ್, ಮೂರೂ ಸೋಲು. ಕುಂಬ್ಳೆಗೆ ಸಿಕ್ಕಿದ್ದು ಒಟ್ಟು 5 ವಿಕೆಟ್.

ಹತ್ತು ತಿಂಗಳಲ್ಲಿ ಯಾರೂ ಬೌಲಿಂಗ್ ಮರೆಯೋದಿಲ್ಲ. ಹಾಗಾದ್ರೆ ಏನಾಯ್ತು?

ಈ ಸರಣಿ ಶುರುವಾಗಿದ್ದು ಒಬ್ಬ ಫಾಲೋವರ್ ಕಳಿಸಿದ ಪ್ರಶ್ನೆಯಿಂದ. ಅಮೆರಿಕನ್ ಫುಟ್‌ಬಾಲ್ ರೀಲ್ಸ್ ನೋಡೋ ಹುಡುಗ. "ಚೆಂಡು ಎಸೆಯೋದರ ಜೊತೆ ಓಡೋಕೂ ಬರೋ ಯುವ ಕ್ವಾರ್ಟರ್‌ಬ್ಯಾಕ್ ಮೊದಲ ಸೀಸನ್‌ನಲ್ಲಿ ಮಿಂಚ್ತಾನೆ, ಆಮೇಲೆ ಡಿಫೆನ್ಸ್‌ನವರು ಅವನನ್ನ ಕಲಿತುಬಿಡ್ತಾರೆ. ಅವನು ಮುಂದೆ ಏನು ಮಾಡ್ಬೇಕು?" ಅಂತ ಕೇಳಿದ್ದ. ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕೋಕೆ ಅಮೆರಿಕದವರೆಗೆ ಹೋಗಿ ಬರೋಣ. ಆದರೆ ಪೂರ್ತಿ ಪಾಠ ಇರೋದು ನಮ್ಮ ಬಸವನಗುಡಿಯಲ್ಲಿ.

(2/8) ಓಡುವ ಕ್ವಾರ್ಟರ್‌ಬ್ಯಾಕ್ ಅಂದ್ರೆ ಯಾರು?

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಆಟವನ್ನೂ ಶುರು ಮಾಡೋದು ಕ್ವಾರ್ಟರ್‌ಬ್ಯಾಕ್. ಅವನ ಮುಖ್ಯ ಕೆಲಸ ದೂರ ನಿಂತ ತನ್ನವರಿಗೆ ಚೆಂಡು ಎಸೆಯೋದು. ಕೆಲವರು ಮಾತ್ರ ಚೆಂಡು ಹಿಡಿದುಕೊಂಡು ತಾವೇ ಓಡಿಬಿಡ್ತಾರೆ. ನಮ್ಮ ಕಬಡ್ಡಿಯ ಒಳ್ಳೇ ರೇಡರ್‌ನ ನೆನಪಿಸಿಕೊಳ್ಳಿ, ಎಡಕ್ಕೆ ತೋರಿಸಿ ಬಲಕ್ಕೆ ಜಾರ್ತಾನಲ್ಲ, ಹಾಗೆ.

ಲಾಮಾರ್ ಜಾಕ್ಸನ್ ಅಂತ ಒಬ್ಬ ಇದ್ದಾನೆ, ಬಾಲ್ಟಿಮೋರ್ ರೇವನ್ಸ್ ತಂಡ. 2018ರ ಡ್ರಾಫ್ಟ್‌ನಲ್ಲಿ ಅವನು ಆಯ್ಕೆಯಾಗಿದ್ದು 32ನೆಯವನಾಗಿ. 2019ರಲ್ಲಿ, 22ನೇ ವಯಸ್ಸಿಗೆ, ಒಂದೇ ಸೀಸನ್‌ನಲ್ಲಿ 1,206 ಗಜ ಓಡಿದ. ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅದು ದಾಖಲೆ. ತಂಡ 16ರಲ್ಲಿ 14 ಪಂದ್ಯ ಗೆದ್ದಿತು, ಅವನು ಆ ವರ್ಷದ ಅತ್ಯುತ್ತಮ ಆಟಗಾರನಾದ. ಆದರೆ 2020ರ ಜನವರಿಯಲ್ಲಿ, ನಾಕೌಟ್ ಹಂತದ ಮೊದಲ ಪಂದ್ಯದಲ್ಲೇ, ಟೆನೆಸೀ ಟೈಟನ್ಸ್ 28-12ರಿಂದ ಇವರನ್ನು ಮನೆಗೆ ಕಳಿಸಿತು.

ಇಂಥವನನ್ನು ತಡೆಯೋಕೆ ಡಿಫೆನ್ಸ್‌ನವರ ಹತ್ತಿರ ಒಂದು ಹಳೇ ಉಪಾಯ ಇದೆ. ಓಡುವ ದಾರಿಯಲ್ಲಿ ಜನ ತುಂಬಿಸೋದು, ಒಬ್ಬನನ್ನಂತೂ ಅವನ ಮೇಲೇ ಕಣ್ಣಿಡೋಕೆ ಬಿಡೋದು. ಆ ಆಟಗಾರನಿಗೆ 'ಸ್ಪೈ' ಅಂತಾನೇ ಹೆಸರು. "ಓಡಬೇಡ, ಎಸೆದು ಗೆಲ್ಲು ನೋಡೋಣ" ಅನ್ನೋ ಸವಾಲು ಇದು. ಅವನಿಗೆ ಕಷ್ಟ ಆಗೋ ಕಡೆಗೇ ಅವನನ್ನು ದಬ್ಬೋದು.

ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಈಗ ಬೆಂಗಳೂರಿಗೆ ಬರೋಣ.

(3/8) ಕನ್ನಡಕ ಹಾಕಿದ ಹುಡುಗ

ಕುಂಬ್ಳೆ ಹುಟ್ಟಿದ್ದು 1970ರ ಅಕ್ಟೋಬರ್ 17ರಂದು, ಬೆಂಗಳೂರಲ್ಲಿ. ಮನೆತನದ ಬೇರು ಕಾಸರಗೋಡಿನ ಕುಂಬಳೆಯಲ್ಲಿ, ಹೆಸರು ಬಂದಿದ್ದೇ ಆ ಊರಿಂದ. ಓದಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್, ನ್ಯಾಷನಲ್ ಕಾಲೇಜು, ಆಮೇಲೆ ಆರ್.ವಿ. ಕಾಲೇಜಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಮೊದಲು ಮಧ್ಯಮ ವೇಗದ ಬೌಲರ್ ಆಗಿದ್ದ ಹುಡುಗ ಅಣ್ಣನ ಸಲಹೆ ಕೇಳಿ ಲೆಗ್ ಸ್ಪಿನ್‌ಗೆ ತಿರುಗಿದ. ಕೈಯಲ್ಲಿ ವೇಗ ಮಾತ್ರ ಹಾಗೇ ಉಳಿದುಬಿಡ್ತು. ಉದ್ದನೆಯ ಆಳು, ಎತ್ತರದಿಂದ ಬೀಳೋ ಚೆಂಡು, ಅದೂ ಜೋರಾಗಿ, ನೇರಕ್ಕೆ, ತಿರುವು ಕಡಿಮೆ ಬೌನ್ಸ್ ಜಾಸ್ತಿ.

1990ರ ಆಗಸ್ಟ್ 9ರಂದು ಶುರುವಾದ ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ಇವರ ಪದಾರ್ಪಣೆ. ಆಗ ವಯಸ್ಸು 19, ಮುಖದ ಮೇಲೆ ಕನ್ನಡಕ. ಮೊದಲ ಇನಿಂಗ್ಸ್‌ನಲ್ಲಿ 3 ವಿಕೆಟ್. ಆ ಪಂದ್ಯವನ್ನು ಎಲ್ಲರೂ ನೆನಪಿಡೋದು ಸಚಿನ್ ತೆಂಡೂಲ್ಕರ್ ಅವರ ಮೊದಲ ಟೆಸ್ಟ್ ಶತಕಕ್ಕೆ. ಕುಂಬ್ಳೆಗೆ ಮುಂದಿನ ಟೆಸ್ಟ್ ಸಿಕ್ಕಿದ್ದು ಎರಡು ವರ್ಷ ಕಳೆದ ಮೇಲೆ, 1992ರ ಅಕ್ಟೋಬರ್‌ನಲ್ಲಿ, ಹರಾರೆಯಲ್ಲಿ.

ಈ ಎರಡು ವರ್ಷ ಮನೆ ಹತ್ತಿರದ ಆಟ ಮತ್ತು ಎಂಜಿನಿಯರಿಂಗ್ ಓದು. "ಇದು ಲೆಗ್ ಸ್ಪಿನ್ನೇ ಅಲ್ಲ, ಚೆಂಡು ತಿರುಗೋದೇ ಇಲ್ಲ" ಅನ್ನೋ ಮಾತು ಆಗಲೂ ಇತ್ತು, ಕೊನೇವರೆಗೂ ಇತ್ತು. ಇಲ್ಲಿ ನಮ್ಮೂರಿಗೆ ಒಂದು ಅನುಕೂಲ ಇತ್ತು ನೋಡಿ. ಜೋರಾಗಿ ಬರೋ ಲೆಗ್ ಸ್ಪಿನ್ನನ್ನು ಕರ್ನಾಟಕ ಮೊದಲೇ ಕಂಡಿತ್ತು. ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದಿದ್ದರು. ಪುಸ್ತಕದಲ್ಲಿ ಇಲ್ಲದ ಶೈಲಿಯೂ ಪಂದ್ಯ ಗೆಲ್ಲಿಸುತ್ತೆ ಅಂತ ಈ ಊರಿಗೆ ಗೊತ್ತಿತ್ತು.

1992ರ ಇರಾನಿ ಟ್ರೋಫಿಯಲ್ಲಿ ದೆಹಲಿ ವಿರುದ್ಧ 13 ವಿಕೆಟ್. ಬಾಗಿಲು ಮತ್ತೆ ತೆರೀತು.

(4/8) ಓದೋಕೆ ಬರದ ಪುಸ್ತಕ

1992ರ ಕೊನೆಯಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 53ಕ್ಕೆ 6. ಆ ಟೆಸ್ಟ್ ನೋಡೋಕೆ ಇಂಗ್ಲೆಂಡ್ ಕೋಚ್ ಕೀತ್ ಫ್ಲೆಚರ್ ಖುದ್ದಾಗಿ ಹೋಗಿದ್ದರು, ಯಾಕಂದ್ರೆ ಮುಂದಿನ ಸರಣಿ ಅವರದು, ಭಾರತದಲ್ಲಿ. ನೋಡಿ ಬಂದು ಅವರು ಹೇಳಿದ್ದರ ಸಾರಾಂಶ ಇಷ್ಟು: ಒಂದು ಚೆಂಡೂ ಲೆಗ್‌ನಿಂದ ಆಫ್‌ಗೆ ತಿರುಗಲಿಲ್ಲ, ಇವರಿಂದ ನಮಗೆ ದೊಡ್ಡ ತೊಂದರೆ ಇಲ್ಲ.

1993ರ ಆ ಸರಣಿಯಲ್ಲಿ 3 ಟೆಸ್ಟ್‌ಗೆ ಕುಂಬ್ಳೆ 21 ವಿಕೆಟ್ ತೆಗೆದರು. ಇಂಗ್ಲೆಂಡ್ 3-0ಯಿಂದ ಸೋತಿತು.

ಫ್ಲೆಚರ್ ಕಂಡಿದ್ದು ಸುಳ್ಳಲ್ಲ. ಚೆಂಡು ನಿಜವಾಗಲೂ ಹೆಚ್ಚು ತಿರುಗ್ತಿರಲಿಲ್ಲ. ಆದರೆ ಬ್ಯಾಟ್ಸ್‌ಮನ್ ತಲೆಯಲ್ಲಿ "ಲೆಗ್ ಸ್ಪಿನ್ನರ್" ಅನ್ನೋ ಲೇಬಲ್ ಇದ್ದಾಗ ಅವನು ತಿರುವಿಗೆ ಕಾಯ್ತಾನೆ. ಅಷ್ಟರಲ್ಲಿ ಚೆಂಡು ನೇರ ಬಂದು ಪ್ಯಾಡಿಗೋ ಸ್ಟಂಪಿಗೋ ತಗುಲಿರುತ್ತೆ. ತಿರುಗದೇ ಇರೋದೇ ಅಲ್ಲಿ ಆಯುಧ.

ಆ ವರ್ಷಗಳ ಲೆಕ್ಕ ನೋಡಿ. ಮೊದಲ 50 ಟೆಸ್ಟ್ ವಿಕೆಟ್ 10 ಪಂದ್ಯದಲ್ಲಿ, 100 ವಿಕೆಟ್ 21 ಪಂದ್ಯದಲ್ಲಿ. 1993ರ ನವೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನ ಹೀರೋ ಕಪ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12ಕ್ಕೆ 6. 1995ರಲ್ಲಿ ನಾರ್ತಾಂಪ್ಟನ್‌ಷೈರ್ ಪರ ಒಂದೇ ಕೌಂಟಿ ಸೀಸನ್‌ನಲ್ಲಿ 105. 1996ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 15.

ಇದು ಅವರ '1,206 ಗಜ'ದ ಕಾಲ ಅನ್ನಿ.

(5/8) ಸವಕಳಿ

ಬಿ.ಕಾಂ. ಓದೋರಿಗೆ ಈ ಪದ ಊಟದಷ್ಟೇ ಪರಿಚಯ. ಒಂದು ಲಕ್ಷದ ಮೆಷಿನ್ ತಂದ್ರೆ ವರ್ಷಾವರ್ಷ ಅದರ ಬೆಲೆ ಇಳಿಯುತ್ತೆ. ಉಳಿದ ಬೆಲೆ ಮೇಲೆ ಶೇಕಡಾ 10 ಕಳೀತಾ ಹೋದ್ರೆ ಮೊದಲ ವರ್ಷ 10,000, ಎರಡನೇ ವರ್ಷ 9,000, ಆಮೇಲೆ 8,100. ಅತಿ ಹೆಚ್ಚು ಹೊಡೆತ ಬೀಳೋದು ಶುರುವಿನಲ್ಲೇ.

ಆಟದಲ್ಲಿ ಹೊಸತನವೂ ಇದೇ ತರದ ಆಸ್ತಿ. ಮೆಷಿನ್ ಸವೆಯೋದು ಓಡಿದಷ್ಟೂ, ಹೊಸ ಬೌಲಿಂಗ್ ಸವೆಯೋದು ಎದುರಾಳಿ ನೋಡಿದಷ್ಟೂ. ನಮ್ಮ ಗೊಟ್ಟಿಗೆರೆ ಕಡೆ ಖಾಲಿ ಸೈಟ್‌ನಲ್ಲಿ ಭಾನುವಾರ ಟೆನಿಸ್ ಬಾಲ್ ಮ್ಯಾಚ್ ಆಡೋರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಲೇಔಟ್‌ನಿಂದ ಹೊಸ ಬೌಲರ್ ಬರ್ತಾನೆ, ಮೊದಲ ವಾರ ಎಲ್ಲರ ವಿಕೆಟೂ ಅವನಿಗೇ. ಎರಡನೇ ವಾರ ಒಬ್ಬ ಕ್ರೀಸ್ ಬಿಟ್ಟು ಮುಂದೆ ನಿಲ್ತಾನೆ. ಮೂರನೇ ವಾರಕ್ಕೆ ಸ್ಕೋರ್ ಬರೆಯೋ ಪುಟ್ಟ ಹುಡುಗನೂ "ಅಣ್ಣಾ, ಯಾರ್ಕರ್ ಬರುತ್ತೆ" ಅಂತ ಕೂಗ್ತಾನೆ.

ಕುಂಬ್ಳೆ ವಿಷಯದಲ್ಲಿ ಬ್ಯಾಟ್ಸ್‌ಮನ್‌ಗಳು ಕಲಿತ ಪಾಠ ಮೂರು. ಒಂದು, ಇವರನ್ನು ಸ್ಪಿನ್ನರ್ ಅಂತ ನೋಡಬೇಡಿ, ಒಳಗೆ ಬರುವ ಮಧ್ಯಮ ವೇಗದ ಬೌಲರ್ ಅಂತ ನೋಡಿ. ಎರಡು, ಪ್ಯಾಡ್ ಮುಂದಿಡಬೇಡಿ, ನೇರ ಬ್ಯಾಟ್ ಇಡಿ. ಮೂರು, ಗಟ್ಟಿ ಪಿಚ್‌ನಲ್ಲಿ ಚೆಂಡು ಸ್ಟಂಪ್ ಮೇಲೇ ಹೋಗುತ್ತೆ, ಹಿಂದೆ ಸರಿದು ಆರಾಮಾಗಿ ಆಡಿ.

1997ರ ಆಗಸ್ಟ್, ಕೊಲಂಬೊ. ಶ್ರೀಲಂಕಾ 6 ವಿಕೆಟ್‌ಗೆ 952, ಜಯಸೂರ್ಯ 340. ಕುಂಬ್ಳೆ 72 ಓವರ್ ಹಾಕಿ 223 ರನ್ ಕೊಟ್ಟು 1 ವಿಕೆಟ್ ಪಡೆದರು. ಆ ಪಿಚ್‌ನಲ್ಲಿ ಯಾರಿಗೂ ಏನೂ ಸಿಗಲಿಲ್ಲ, ಅದೂ ನಿಜ. ಆದರೂ ದಾರಿ ಯಾವ ಕಡೆ ಅಂತ ಕಾಣ್ತಿತ್ತು.

ಈಗ ಮೊದಲ ಪ್ರಶ್ನೆಗೆ ಬನ್ನಿ. ಹಾಗಾದ್ರೆ 1999ರ ಫೆಬ್ರವರಿಯ ಹತ್ತು ವಿಕೆಟ್? ಅದು ಕೋಟ್ಲಾ. ಚೆಂಡು ಕೆಳಗೂ ಉಳಿಯುತ್ತೆ, ಮೇಲಕ್ಕೂ ಹಾರುತ್ತೆ, ನೇರ ಚೆಂಡೇ ಅಲ್ಲಿ ಕೊಲ್ಲುತ್ತೆ. ನಮ್ಮ ಪಿಚ್‌ಗಳಲ್ಲಿ ಹಳೇ ಆಯುಧಕ್ಕೆ ಪೂರ್ತಿ ಬೆಲೆ ಇತ್ತು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ 350 ಭಾರತದಲ್ಲೇ ಬಂದವು.

ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇಲ್ಲಿದೆ. ಮನೆಯಲ್ಲಿ ಗೆಲ್ತಾ ಇದ್ದಾಗ ಸವಕಳಿ ಲೆಕ್ಕಕ್ಕೆ ಕಾಣಿಸೋದೇ ಇಲ್ಲ. ರೇವನ್ಸ್‌ಗೆ 14 ಗೆಲುವು ಏನು ಮಾಡ್ತೋ ಕುಂಬ್ಳೆಗೆ ಕೋಟ್ಲಾ ಅದನ್ನೇ ಮಾಡ್ತು. ತೊಂದರೆಯನ್ನು ಮುಚ್ಚಿಟ್ಟಿತು. ಡಿಸೆಂಬರ್‌ನ ಆಸ್ಟ್ರೇಲಿಯಾ ಅದನ್ನು ತೆರೆದು ತೋರಿಸ್ತು.

(6/8) ದೇಹ ಕೈಕೊಟ್ಟಾಗ

ಕಲಿಯೋಕೆ ಟೈಮ್ ಇದೆ ಅಂದುಕೊಳ್ಳೋದು ಸುಲಭ. ದೇಹ ಕಾಯೋದಿಲ್ಲ.

ವಾಷಿಂಗ್ಟನ್ ತಂಡದ ರಾಬರ್ಟ್ ಗ್ರಿಫಿನ್ ಅಂತ ಒಬ್ಬ ಓಡುವ ಕ್ವಾರ್ಟರ್‌ಬ್ಯಾಕ್ ಇದ್ದ. 2012ರಲ್ಲಿ ಮೊದಲ ವರ್ಷದಲ್ಲೇ ದೇಶಕ್ಕೆ ದೇಶವೇ ಅವನ ಹೆಸರು ಹೇಳ್ತಿತ್ತು. 2013ರ ಜನವರಿಯಲ್ಲಿ ಮೊಣಕಾಲು ಹೋಯ್ತು. ವಾಪಸ್ ಬಂದ, ಆದರೆ ಆ ಮೊದಲ ವರ್ಷದ ಗ್ರಿಫಿನ್ ಮತ್ತೆ ಕಾಣಲಿಲ್ಲ. ಓಟವೇ ಅವನ ಬಂಡವಾಳ, ಕಾಲೇ ಹೋದಾಗ ಕೈಯಲ್ಲಿ ಎರಡನೇ ಆಯುಧ ಸಾಕಷ್ಟು ಗಟ್ಟಿಯಾಗಿರಲಿಲ್ಲ.

ಕುಂಬ್ಳೆಗೆ ಹೋಗಿದ್ದು ಬಲ ಭುಜ. ಶಸ್ತ್ರಚಿಕಿತ್ಸೆ ಆಯ್ತು. 2001ರ ಆಸ್ಟ್ರೇಲಿಯಾ ಸರಣಿ, ಕೋಲ್ಕತಾದಲ್ಲಿ ಲಕ್ಷ್ಮಣ್ 281 ಹೊಡೆದ ಆ ಸರಣಿ, ಅವರಿಗೆ ತಪ್ಪಿತು. ಅದರಲ್ಲಿ ಹರ್ಭಜನ್ ಸಿಂಗ್ 32 ವಿಕೆಟ್ ತೆಗೆದರು. 30 ದಾಟಿದ ಬೌಲರ್, ರಿಪೇರಿ ಆದ ಭುಜ, ತನ್ನ ಜಾಗದಲ್ಲಿ 20ರ ಹುಡುಗ. ವಿದೇಶದಲ್ಲಿ ಒಬ್ಬನೇ ಸ್ಪಿನ್ನರ್ ಆಡಿಸೋದಾದ್ರೆ ಯಾರು? ಈ ಪ್ರಶ್ನೆ ಮುಂದಿನ ಎರಡು ಮೂರು ವರ್ಷ ಅವರ ಹಿಂದೆಯೇ ಬಂತು.

2002ರ ಮೇನಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲನ್ ಚೆಂಡು ಬಡಿದು ದವಡೆ ಮುರೀತು. ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರ್ ಹಾಕಿ ಬ್ರಯಾನ್ ಲಾರಾ ವಿಕೆಟ್ ತೆಗೆದಿದ್ದು ಎಲ್ಲರಿಗೂ ಗೊತ್ತು, ಆ ಫೋಟೋ ಪ್ರತಿ ವರ್ಷ ಎಲ್ಲರ ಸ್ಟೋರಿಯಲ್ಲೂ ಓಡಾಡುತ್ತೆ. ಧೈರ್ಯಕ್ಕೆ ಕೈ ಮುಗೀಬೇಕು. ಆದರೆ ಅದಕ್ಕಿಂತ ಕಡಿಮೆ ಶೇರ್ ಆಗೋ ವಿಷಯ ಅದರ ಮುಂದಿನ ವರ್ಷದ್ದು. 2003ರ ವಿಶ್ವಕಪ್ ಫೈನಲ್‌ನಲ್ಲಿ ಕುಂಬ್ಳೆ ಆಡಲಿಲ್ಲ. ಅದೇ ವರ್ಷದ ಕೊನೆಗೆ ಬ್ರಿಸ್ಬೇನ್ ಟೆಸ್ಟ್‌ನಲ್ಲೂ ಹೊರಗೆ.

ಮುರಿದ ದವಡೆಯಲ್ಲಿ ಬೌಲ್ ಮಾಡಿದವರು ಫಿಟ್ ಆಗಿದ್ದೂ ಬೆಂಚ್ ಮೇಲೆ ಕೂತಿದ್ದರು.

(7/8) ಎರಡನೇ ಕುಂಬ್ಳೆ

ಬ್ರಿಸ್ಬೇನ್ ನಂತರ ಹರ್ಭಜನ್ ಬೆರಳಿನ ಗಾಯದಿಂದ ಹೊರಬಿದ್ದರು. ಅಡಿಲೇಡ್‌ನಲ್ಲಿ ಕುಂಬ್ಳೆಗೆ ಜಾಗ ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಇದೇ ದೇಶದಲ್ಲಿ 3 ಟೆಸ್ಟ್‌ಗೆ 5 ವಿಕೆಟ್ ಪಡೆದಿದ್ದವರು.

ಅಡಿಲೇಡ್: ಮೊದಲ ಇನಿಂಗ್ಸ್‌ನಲ್ಲಿ 154ಕ್ಕೆ 5. ದ್ರಾವಿಡ್ 233 ಹೊಡೆದು ಭಾರತ ಗೆದ್ದ ಪಂದ್ಯ ಇದು.
ಮೆಲ್ಬರ್ನ್: 176ಕ್ಕೆ 6.
ಸಿಡ್ನಿ: 141ಕ್ಕೆ 8, ಮತ್ತೆ 138ಕ್ಕೆ 4. ಸ್ಟೀವ್ ವಾ ಅವರ ಕೊನೇ ಇನಿಂಗ್ಸನ್ನು 80ಕ್ಕೆ ಮುಗಿಸಿದ್ದೂ ಇವರೇ.
3 ಟೆಸ್ಟ್, 24 ವಿಕೆಟ್.

ಏನು ಬದಲಾಗಿತ್ತು? ಹಳೇ ಚೆಂಡು ಹಾಗೇ ಇತ್ತು: ಜೋರಾಗಿ, ನೇರಕ್ಕೆ, ಸ್ಟಂಪಿಗೆ. ಅದರ ಪಕ್ಕಕ್ಕೆ ಬೇರೆಯವು ಬಂದು ಕೂತವು. ಕೆಲವು ಚೆಂಡು ಗಾಳಿಯಲ್ಲಿ ನಿಧಾನ. ಗೂಗ್ಲಿ, ಅಂದ್ರೆ ಲೆಗ್ ಸ್ಪಿನ್ ತರ ಕಂಡು ಉಲ್ಟಾ ತಿರುಗೋ ಚೆಂಡು, ಮುಂಚೆಗಿಂತ ಹೆಚ್ಚು. ಒಂದೇ ಓವರ್‌ನಲ್ಲಿ ಬೇರೆ ಬೇರೆ ವೇಗ. ಜೊತೆಗೆ ತಾಳ್ಮೆ: ಸಿಡ್ನಿಯೊಂದರಲ್ಲೇ ಹಾಕಿದ್ದು ಹತ್ತಿರ ಹತ್ತಿರ 90 ಓವರ್.

ಬ್ಯಾಟ್ಸ್‌ಮನ್ ಕಡೆಯಿಂದ ಯೋಚನೆ ಮಾಡಿ. ಹಿಂದೆ ಸರಿದು ಆಡೋಣ ಅಂದ್ರೆ ಬಂದಿದ್ದು ಜೋರು ಚೆಂಡಾದ್ರೆ ಎಲ್‌ಬಿಡಬ್ಲ್ಯೂ. ಮುಂದೆ ಬರೋಣ ಅಂದ್ರೆ ನಿಧಾನದ ಚೆಂಡು ಕೈಗೆ ಸಿಗದೇ ಇಳಿಯುತ್ತೆ. ನೇರ ಬ್ಯಾಟ್ ಇಡೋಣ ಅಂದ್ರೆ ಗೂಗ್ಲಿ. 1997ರಲ್ಲಿ ಕಲಿತ ಮೂರು ಪಾಠಕ್ಕೂ ಈಗ ಅನುಮಾನ. ಹೊಸ ಚೆಂಡುಗಳಿಂದ ಬಂದ ವಿಕೆಟ್ ಎಷ್ಟೇ ಇರಲಿ, ದೊಡ್ಡ ಲಾಭ ಬೇರೆ. ಎಲ್ಲರೂ ಓದಿ ಮುಗಿಸಿದ್ದ ಆ ಹಳೇ ನೇರ ಚೆಂಡಿಗೆ ಮತ್ತೆ ಬೆಲೆ ಬಂತು.

ಲಾಮಾರ್ ಜಾಕ್ಸನ್ ಕೂಡ ಇದೇ ದಾರಿ ಹಿಡಿದ. ಓಡೋದು ಬಿಡಲಿಲ್ಲ. ನಿಂತು ಎಸೆಯೋದನ್ನು ಗಟ್ಟಿ ಮಾಡಿಕೊಂಡ. 2023ರಲ್ಲಿ ಮತ್ತೆ ವರ್ಷದ ಅತ್ಯುತ್ತಮ ಆಟಗಾರ. 2024ರಲ್ಲಿ ಎಸೆತದಿಂದ 41 ಟಚ್‌ಡೌನ್, ಎದುರಾಳಿಯ ಕೈಗೆ ಹೋಗಿದ್ದು ಬರೀ 4. ಈಗ ಡಿಫೆನ್ಸ್‌ನವರು ಓಟ ತಡೆಯೋಕೆ ಹತ್ತಿರ ಬಂದ್ರೆ ಅವನು ತಲೆ ಮೇಲಿಂದ ಎಸೀತಾನೆ, ದೂರ ನಿಂತ್ರೆ ಓಡ್ತಾನೆ.

(8/8) ಹಾಗಾದ್ರೆ ಆ ಹುಡುಗನಿಗೆ ಏನು ಹೇಳೋದು?

ಇನ್ನೊಂದು ಉದಾಹರಣೆ, ಇದು ದಾರಿ ಸಿಗದೇ ಹೋದವನದು. 2008ರ ಜುಲೈನಲ್ಲಿ ಕರಾಚಿಯ ಏಷ್ಯಾ ಕಪ್ ಫೈನಲ್‌ನಲ್ಲಿ ಶ್ರೀಲಂಕಾದ ಅಜಂತ ಮೆಂಡಿಸ್ 13ಕ್ಕೆ 6 ತೆಗೆದು ಭಾರತವನ್ನು ಮಲಗಿಸಿದ. ಅದರ ಬೆನ್ನಿಗೇ ತನ್ನ ಮೊದಲ ಟೆಸ್ಟ್ ಸರಣಿಯ 3 ಪಂದ್ಯದಲ್ಲಿ 26 ವಿಕೆಟ್. ಎದುರಾಳಿ ಭಾರತ, ನಾಯಕ ಯಾರು ಗೊತ್ತಾ? ಅನಿಲ್ ಕುಂಬ್ಳೆ. 2009ರಲ್ಲಿ ಮೆಂಡಿಸ್ ಭಾರತಕ್ಕೆ ಬರುವಷ್ಟರಲ್ಲಿ ನಮ್ಮವರು ಅವನ ಕೈ ಓದೋದು ಕಲಿತಿದ್ದರು. ಅವನ ಟೆಸ್ಟ್ ಬದುಕು 19 ಪಂದ್ಯ, 70 ವಿಕೆಟ್‌ಗೆ ನಿಂತಿತು. ಬೆರಳಲ್ಲಿ ಮಾಯ ಇತ್ತು, ಆದರೆ ಗುಟ್ಟು ಗೊತ್ತಾದ ಮೇಲೆ ಅದನ್ನು ಮತ್ತೆ ಅನುಮಾನಕ್ಕೆ ತಳ್ಳೋ ಎರಡನೇ ಹೆಜ್ಜೆ ಬರಲಿಲ್ಲ.

ಅದಕ್ಕೇ ಆ ಯುವ ಕ್ವಾರ್ಟರ್‌ಬ್ಯಾಕ್‌ಗೆ, ನಮ್ಮ ಯುವ ಸ್ಪಿನ್ನರ್‌ಗೆ, ರೇಡರ್‌ಗೆ, ಈ ಹಳೇ ಸ್ಕೋರ್‌ಕಾರ್ಡ್‌ಗಳು ಹೇಳೋದು ಇಷ್ಟು:

• ಹುಟ್ಟಿನಿಂದ ಬಂದ ಆಯುಧ ಬಿಡಬೇಡ. ಕುಂಬ್ಳೆ ತಮ್ಮ ವೇಗ ಬಿಟ್ಟು ಎಲ್ಲರ ತರ ಗಾಳಿಯಲ್ಲಿ ತೇಲಿಸೋಕೆ ಹೋಗಿದ್ರೆ ಬಹುಶಃ ಮಾಮೂಲಿ ಬೌಲರ್ ಆಗ್ತಿದ್ದರು.

• ಎದುರಾಳಿ ನಿನ್ನನ್ನು ಎಲ್ಲಿಗೆ ದಬ್ತಿದ್ದಾನೆ ನೋಡು. ಅದೇ ನಿನ್ನ ಮುಂದಿನ ಸಿಲಬಸ್. ಓಟಗಾರನಿಗೆ "ಎಸೆದು ತೋರಿಸು" ಅಂದ್ರೆ ಎಸೆತ ಕಲಿ. ಲೆಗ್ ಸ್ಪಿನ್ನರ್‌ನ ನೇರ ಬೌಲರ್ ತರ ಆಡಿದ್ರೆ ಗೂಗ್ಲಿ ಕಲಿ.

• ಗೆಲ್ತಿರುವಾಗಲೇ ಶುರು ಮಾಡು. ಇದೇ ಅತಿ ಕಷ್ಟದ್ದು. ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕಾಣ್ತಿರೋ ವರ್ಷ ಯಾರೂ ಹೊಸ ಮೆಷಿನ್‌ಗೆ ದುಡ್ಡು ಎತ್ತಿಡಲ್ಲ. ಕೋಟ್ಲಾದ ಹತ್ತು ವಿಕೆಟ್‌ನಿಂದ ಸಿಡ್ನಿಯ ಹನ್ನೆರಡಕ್ಕೆ ಬರೋಕೆ ಕುಂಬ್ಳೆಯಂಥವರಿಗೇ ಸುಮಾರು ಐದು ವರ್ಷ, ಒಂದು ಶಸ್ತ್ರಚಿಕಿತ್ಸೆ, ಒಂದು ವಿಶ್ವಕಪ್ ಫೈನಲ್ ಬೆಲೆ ತೆರಬೇಕಾಯ್ತು. ಅವರ ಕಾಲದಲ್ಲಿ ಎದುರಾಳಿ ತಂಡದ ಕೋಚ್ ನೋಡೋಕೆ ಜೋಹಾನ್ಸ್‌ಬರ್ಗ್‌ವರೆಗೂ ಹೋಗಬೇಕಿತ್ತು. ಇವತ್ತು ನಿನ್ನ ಪ್ರತಿ ಚೆಂಡೂ ಅದೇ ಸಂಜೆ ಅವರ ಫೋನಲ್ಲಿ ಇರುತ್ತೆ. ನಿನಗೆ ಐದು ವರ್ಷ ಸಿಗಲ್ಲ.

ಕುಂಬ್ಳೆ 2008ರ ನವೆಂಬರ್ 2ರಂದು ನಿವೃತ್ತರಾದರು, ಅದೇ ಕೋಟ್ಲಾದಲ್ಲಿ, 132 ಟೆಸ್ಟ್‌ಗಳ ನಂತರ. ಅದಕ್ಕೂ ಒಂದು ವರ್ಷ ಮುಂಚೆ, 2007ರ ಆಗಸ್ಟ್‌ನಲ್ಲಿ, ಓವಲ್‌ನಲ್ಲಿ ಔಟಾಗದೆ 110 ಹೊಡೆದಿದ್ದರು. 118ನೇ ಟೆಸ್ಟ್‌ನಲ್ಲಿ ಮೊದಲ ಶತಕ! ಆ ಬ್ಯಾಟನ್ನು ಯಾವ ಎದುರಾಳಿಯೂ ಓದಿಟ್ಟುಕೊಂಡಿರಲಿಲ್ಲ ಅನಿಸುತ್ತೆ. 😄

ಮುಂದಿನ ಸರಣಿಗೆ ಯಾರ ಬಗ್ಗೆ ಬರೀಲಿ? ಚಂದ್ರಶೇಖರ್ ಅವರ 1971ರ ಓವಲ್ ಟೆಸ್ಟ್ ಬೇಕಾ, ಜಾವಗಲ್ ಶ್ರೀನಾಥ್ ಬೇಕಾ? ಕಮೆಂಟಲ್ಲಿ ಹೇಳಿ. ಕಬಡ್ಡಿ ಆಡೋ ಫ್ರೆಂಡ್ ಇದ್ರೆ ಅವರಿಗೆ ಇದನ್ನ ಕಳಿಸಿ, ಅವರಿಗೆ ಜಾಸ್ತಿ ಉಪಯೋಗ.

#ಹಳೇಸ್ಕೋರ್‌ಕಾರ್ಡ್ #ಅನಿಲ್‌ಕುಂಬ್ಳೆ #ಕರ್ನಾಟಕಕ್ರಿಕೆಟ್ #ಬಸವನಗುಡಿ #ಗೊಟ್ಟಿಗೆರೆ